ಟ್ರಾಕ್ಟರಿನ ಎದುರು

ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಮನೆ ಕೊಂಡ ಮೊದಲ ಚಳಿಗಾಲ ಮುಗಿಯುತ್ತಿತ್ತು. ನಮ್ಮ ಹಿತ್ತಲಾಚೆಯ ಹಳೇ ಮನೆಯ ಮುದುಕರೊಬ್ಬರು ಶನಿವಾರ ಬಂದು, ಕೈ ನಡುಗುತ್ತೆ, ಟ್ರಾಕ್ಟರ್ ಸ್ಟಾರ್ಟ್ ಮಾಡಿಕೊಡು ಎಂದರು. ಕಂಪ್ಯೂಟರ್ ಬಿಟ್ಟರೆ ನನಗೆ ಯಾವ ಯಂತ್ರವೂ ಗೊತ್ತಿಲ್ಲ. ಶೆಡ್ಡಿಗೆ ಹೋಗಿ, ಹತ್ತಿ ಕೂತವನೇ ಕೀಗೆ ಕೈ ಹಾಕಿದೆ.

"ಇಳಿ. ಮೊದಲು ಬಾಗಿಲು ಪೂರ್ತಿ ತೆಗಿ, ಹೊಗೆಗೇ ಸಾಯ್ತೀಯ," ಎಂದರು.

ತೆಗೆದೆ. ಆಮೇಲೆ ಆಯಿಲ್ ನೋಡಿಸಿದರು, ಹಳೇ ಪೆಟ್ರೋಲ್ ತೆಗೆಸಿ ಹೊಸದು ಹಾಕಿಸಿದರು, ಎಂಜಿನ್ ಸಂದಿಯ ಇಲಿಗೂಡು ಕೀಳಿಸಿದರು. ಗೇರ್ ನ್ಯೂಟ್ರಲ್‌ನಲ್ಲಿದೆಯಾ ಎಂದು ಮೂರು ಸಲ ಕೇಳಿದರು. ಬೆಳಿಗ್ಗೆಯೆಲ್ಲಾ ಅದಕ್ಕೇ ಹೋಯಿತು. ಕೊನೆಗೂ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು.

ಸ್ವಲ್ಪ ಹೊತ್ತು ಬಾನೆಟ್ ಮೇಲೆ ಕೈಯಿಟ್ಟು ನಿಂತರು. "ಸಾಕು, ಆಫ್ ಮಾಡು."

"ಇಷ್ಟೆಲ್ಲಾ ಮಾಡಿ ಆಫ್ ಮಾಡೋದಾ? ಉಳೋದಿಲ್ವಾ?"

"ಎಲ್ಲಿ ಉಳಲಿ?" ಎಂದರು. ಕೋಪವೇನೂ ಇರಲಿಲ್ಲ.

ತೆರೆದ ಬಾಗಿಲಿನಾಚೆ ನೋಡಿದೆ. ಅವರು ಬಿಲ್ಡರ್‌ಗೆ ಮಾರಿದ್ದ ಜೋಳದ ಹೊಲದಲ್ಲಿ ಸಾಲಾಗಿ ಹೊಸ ಮನೆಗಳು. ಟ್ರಾಕ್ಟರಿಗೆ ನೇರ ಎದುರು ನಿಂತಿದ್ದದ್ದು ನನ್ನದೇ. ಕೀ ತಿರುಗಿಸಿ ಆಫ್ ಮಾಡಿದೆ.

ಮನೆಗೆ ಬಂದರೆ ಹೆಂಡತಿ ಹಿತ್ತಲಲ್ಲಿ ಕೂತು ಮೆಂತ್ಯ ಬಿತ್ತುತ್ತಿದ್ದಳು. "ಮಣ್ಣು ಎಷ್ಟು ಚೆನ್ನಾಗಿದೆ ನೋಡ್ರೀ, ಯಾರೂ ಏನೂ ಮಾಡದೇ," ಎಂದಳು.