ಜಾರಿದ ಗೆರೆ

"ಇನ್ಮೇಲೆ ನಾನು ಕಾರ್ಕ್‌ನಲ್ಲೇ ಇರ್ತೀನಿ, ಅವಳ ಜೊತೆ," ಎಂದು ಗಂಡ ಫೋನಿನಲ್ಲಿ ಹೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಮಾತೂ ಬಂತು. "ಗಾಡೀನ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡ್ತಿರು, ಇಲ್ದಿದ್ರೆ ಬ್ಯಾಟರಿ ಹೋಗತ್ತೆ." ಸಂಸಾರಕ್ಕೂ ಗಾಡಿಗೂ ಒಂದೇ ಉಸಿರಿನಲ್ಲಿ ವ್ಯವಸ್ಥೆ ಮಾಡಿಬಿಟ್ಟ ಮಹಾರಾಯ.

ಐರ್ಲೆಂಡಿನಲ್ಲಿ ಆಗ ಲಾಕ್‌ಡೌನ್ ಇತ್ತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಹಾಗಾಗಿ ಅವನು ಅಲ್ಲಿ, ಅವನ ಹಾಟ್ ರಾಡ್ ಬ್ಲಾಂಚರ್ಡ್ಸ್‌ಟೌನ್‌ನ ನಮ್ಮ ಬಾಡಿಗೆ ಮನೆಯ ಗರಾಜಿನಲ್ಲಿ. ಅಜ್ಜನ ಕಾಲದ ಕಾರಿನ ಮೈಗೆ ದೊಡ್ಡ ಅಮೆರಿಕನ್ ಎಂಜಿನ್ ಕೂರಿಸಿದ ಗಾಡಿ ಅದು. ಟ್ರಾಫಿಕ್ಕಿನಲ್ಲಿ ನಿಂತರೆ ಸಾಕು, ಕಾದು ಕುದಿಯುತ್ತಿತ್ತು. ಎರಡು ಸಲ ರೇಡಿಯೇಟರ್ ಬದಲಾಯಿಸಿದ್ದ. ಟೈಮಿಂಗ್ ಹೊಂದಿಸುವಾಗ ಟಾರ್ಚ್ ಹಿಡಿಯುವ ಕೆಲಸ ನನ್ನದು. ಗಾಡಿ ಮತ್ತೆ ಕುದಿದರೆ, ನೀನು ಟಾರ್ಚ್ ಅಲುಗಿಸಿದ್ದಕ್ಕೇ ಹೀಗಾಯಿತು ಎನ್ನುತ್ತಿದ್ದ. ಸ್ಪ್ಯಾನರ್ ಮಾತ್ರ ಒಮ್ಮೆಯೂ ನನ್ನ ಕೈಗೆ ಕೊಡಲಿಲ್ಲ.

ಎಂಜಿನ್ ಹಾಳುಮಾಡಬೇಕು ಎಂದು ನಿರ್ಧರಿಸಿದೆ. ಸುಳ್ಳು ಯಾಕೆ ಹೇಳಲಿ, ಆ ಯೋಚನೆ ಬಂದ ದಿನ ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಉಂಡೆ.

ವಿದ್ಯೆ ಕಷ್ಟದ್ದಲ್ಲ. ಪಿಸ್ಟನ್ ಮೇಲಿನ ತುದಿ ಮುಟ್ಟುವ ತುಸು ಮೊದಲು ಕಿಡಿ ಹಾರಬೇಕು. ಎಷ್ಟು ಮೊದಲು ಎನ್ನುವುದೇ ಟೈಮಿಂಗ್. ತಡವಾದರೆ ಎಂಜಿನ್ ಕಾದು ಕುದಿಯುತ್ತದೆ. ತೀರಾ ಬೇಗವಾದರೆ ಒಳಗೊಳಗೇ ಕಟಕಟ ಎಂದು ಬಡಿದುಕೊಂಡು ಕೊನೆಗೆ ಪಿಸ್ಟನ್ನೇ ತೂತಾಗುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಒಂದಿಷ್ಟು ತಿರುಗಿಸಿಟ್ಟರೆ ಮುಗಿಯಿತು. ಕಾರ್ಕ್‌ನ ಹೆದ್ದಾರಿಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆರೆಯುವಾಗ ಒಡೆಯಲಿ ಎಂದು ಲೆಕ್ಕ ಹಾಕಿದೆ.

ಆದರೆ ನಾನು ಲೀಕ್ಸ್‌ಲಿಪ್‌ನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳುವವಳು. ಏನನ್ನೇ ಅಳೆಯುವ ಮೊದಲು ಅಳೆಯುವ ಸಾಧನ ಸರಿ ಇದೆಯೇ ಎಂದು ನೋಡುವುದು ನಮ್ಮಲ್ಲಿ ಹಲ್ಲುಜ್ಜಿದಷ್ಟು ಸಹಜ. ಎಂಜಿನ್ನಿನ ಮುಂದೆ ತಿರುಗುವ ಚಕ್ರದ ಅಂಚಿನಲ್ಲಿ ಒಂದು ಗೆರೆ ಇರುತ್ತದೆ, ಟೈಮಿಂಗ್ ನೋಡುವುದು ಅದರಿಂದಲೇ. ಆ ಗೆರೆಯನ್ನೇ ಪರೀಕ್ಷಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತೂತಿನಲ್ಲಿ ಪಿಸ್ಟನ್ನಿಗೆ ತಡೆಯಾಗುವಂತೆ ಒಂದು ಬೋಲ್ಟ್ ಕೂರಿಸಿ, ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ಎರಡೂ ಕಡೆಗೆ ತಿರುಗಿಸಿದೆ. ಪಿಸ್ಟನ್ ಬೋಲ್ಟಿಗೆ ತಾಗಿ ಚಕ್ರ ಎರಡು ಕಡೆ ನಿಂತ ಜಾಗಗಳ ನಟ್ಟನಡುವೆ ಗೆರೆ ಇರಬೇಕಿತ್ತು. ಒಂದು ಬೆರಳಿನಷ್ಟು ದೂರ ಇತ್ತು.

ಚಕ್ರ ಎರಡು ಭಾಗದ್ದು, ನಡುವೆ ರಬ್ಬರು. ರಬ್ಬರು ಹಳೆಯದಾಗಿ ಹೊರಗಿನ ಬಳೆ ಜಾರಿತ್ತು, ಗೆರೆಯೂ ಅದರ ಜೊತೆಗೇ ಹೋಗಿತ್ತು. ಅವನು ಇಷ್ಟು ವರ್ಷ ಆ ಗೆರೆಯನ್ನು ನಂಬಿ ಕಿಡಿಯನ್ನು ತಡಮಾಡುತ್ತ ಬಂದಿದ್ದ. ನನ್ನ ಕೈ ಅಲುಗಿರಲೇ ಇಲ್ಲ. ಗರಾಜಿನಲ್ಲಿ ಒಬ್ಬಳೇ ನಿಂತು ಅವನನ್ನು ಬಾಯಿಗೆ ಬಂದಂತೆ ಬೈದೆ.

ಸರಿಯಾದ ಜಾಗದಲ್ಲಿ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದು ಅದಕ್ಕೆ ಟೈಮಿಂಗ್ ಕೂರಿಸಿದೆ. ಎಂಜಿನ್ ಗಂಟಲು ಸರಿಮಾಡಿಕೊಂಡ ಹಾಗೆ ಹೊತ್ತಿಕೊಂಡಿತು. ಪಕ್ಕದ ಮನೆಯ ಐರಿಷ್ ಮುದುಕಿ ಗೋಡೆಯಾಚೆಯಿಂದ "ಗ್ರ್ಯಾಂಡ್!" ಎಂದು ಹೆಬ್ಬೆರಳು ಎತ್ತಿದಳು. ಹಾಲು ತರುವ ನೆಪದಲ್ಲಿ ಆ ಐದು ಕಿಲೋಮೀಟರಿನೊಳಗೇ ಸುತ್ತಿ ಬಂದೆ. ನೀರು ಕುದಿಯಲಿಲ್ಲ. ಅದನ್ನು ಹಾಳುಮಾಡಲು ಆಮೇಲೆ ಕೈ ಬರಲಿಲ್ಲ. ಎಂಜಿನ್ನಿನ ಮೇಲೆ ಪ್ರೀತಿ ಬಂದಿತ್ತು, ಅವನ ಮೇಲಿನ ಸಿಟ್ಟು ಹಾಗೇ ಇತ್ತು. ಗಾಡಿ ಸರಿ ಮಾಡಿದವಳು ನೀನು ಎಂದು ಅವನ ಬಾಯಿಂದಲೇ ಹೊರಡಿಸಬೇಕು, ಅಷ್ಟು ಸಾಕು ಅನ್ನಿಸಿತು.

ನಿರ್ಬಂಧ ಸಡಿಲವಾಗಿ ಕೌಂಟಿಯ ಗಡಿ ದಾಟಲು ಬಿಟ್ಟ ಮೇಲೆ, ಗಾಡಿ ಒಯ್ಯಲು ಮಾಸ್ಕ್ ಹಾಕಿಕೊಂಡು ಬಂದ. ಸ್ಟಾರ್ಟ್ ಮಾಡಿದವನೇ ಹುಬ್ಬು ಗಂಟಿಕ್ಕಿದ.

"ಯಾರಿಗೆ ತೋರಿಸ್ದೆ?"

"ಯಾರಿಗೂ ಇಲ್ಲ. ನಾನೇ ಟೈಮಿಂಗ್ ಸರಿ ಮಾಡ್ದೆ."

ನಕ್ಕ. ಟೈಮಿಂಗ್ ಲೈಟ್ ತಂದು ಹಳೆಯ ಗೆರೆ ನೋಡಿದ. "ಎಲ್ಲಿಂದ ಎಲ್ಲಿಗೆ ತಂದಿಟ್ಟಿದೀಯ ನೋಡು! ಇಷ್ಟು ದಿನ ಎಂಜಿನ್ ಉಳಿದಿದ್ದೇ ಪುಣ್ಯ." ಎಂಜಿನ್ ಆರಿಸಿ ಬಗ್ಗಿದಾಗ ಕೆಂಪು ಗೆರೆ ಕಣ್ಣಿಗೆ ಬಿತ್ತು. "ಇದೇನಿದು, ನೇಲ್ ಪಾಲಿಶ್ಶಾ? ಬ್ಯೂಟಿ ಪಾರ್ಲರ್ ಅಂದ್ಕೊಂಡ್ಯಾ?" ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದ. ಆಮೇಲೆ ನನ್ನ ಕಡೆ ನೋಡದೆಯೇ ಕೈ ಚಾಚಿದ. "ಟಾರ್ಚ್ ಹಿಡಿ. ಅಲುಗಿಸ್ಬೇಡ."

ಗೆರೆ ಜಾರಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಅವನು ಎಂಜಿನ್ ಸ್ಟಾರ್ಟ್ ಮಾಡಿ, ತನ್ನ ಕೈಯಾರೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ಮತ್ತೆ ತಡಮಾಡುವ ತನಕ ಬೆಳಕು ಹಿಡಿದು ನಿಂತೆ. ಎಂಜಿನ್ನಿನ ದನಿ ಮಂಕಾದಾಗ ಸಂಕಟವಾಯಿತು. ಆದರೂ ಟಾರ್ಚ್ ಅಲುಗಿಸಲಿಲ್ಲ.

"ಈಗ ಸರಿ ಆಯ್ತು," ಎಂದು ಹೊರಟ. ಬಿಸಿಲು ಚೆನ್ನಾಗಿತ್ತು. ಜನವೆಲ್ಲ ಒಟ್ಟಿಗೇ ರಸ್ತೆಗೆ ಬಿದ್ದಿದ್ದರು.

ಮಧ್ಯಾಹ್ನ ಫೋನ್ ಬಂತು. ಕಾರ್ಕ್ ದಾರಿಯಲ್ಲಿ ಪೋರ್ಟ್‌ಲೀಷ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದನಂತೆ. ಬಾನೆಟ್ಟಿನಿಂದ ಹಬೆ, ಹಿಂದೆ ಹಾರ್ನುಗಳು. ಮೊದಲು ಕೂಗಾಡಿದ. ಸ್ವಲ್ಪ ಹೊತ್ತಿಗೆ ದನಿ ಇಳಿಯಿತು.

"ನಿನ್ ಹತ್ರ ಇದ್ದಾಗ ಕುದೀತಿರ್ಲಿಲ್ವಾ?"

"ಇಲ್ಲ."

"ಹಂಗಾದ್ರೆ... ಏನ್ ಮಾಡ್ಬೇಕು ಅಂತ ಗೊತ್ತಾ ನಿಂಗೆ?"

"ಗೊತ್ತು," ಎಂದು ಫೋನ್ ಇಟ್ಟೆ.