ಕನ್ನಡಿಗೆ ಬೆನ್ನು ಹಾಕಿದ ಕುರ್ಚಿ

ಆ ಬೀದಿಯಲ್ಲಿ ಮೆಲ್ಲಣ್ಣನ ಕೈಗೆ ತಲೆ ಕೊಡದ ಗಂಡಸರು ಇಬ್ಬರೇ. ಒಬ್ಬರು ಪೂರ್ತಿ ಬೋಳಾದ ಪೋಸ್ಟ್ ಮಾಸ್ಟರು, ಇನ್ನೊಬ್ಬ ಎದುರು ಸಾಲಿನ ಇನ್ನೊಂದು ಕಟಿಂಗ್ ಶಾಪಿನವನು. ಮೆಲ್ಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡ ಹಾಕಿ, ಮಕ್ಕಳನ್ನು ಅದರ ಮೇಲೆ ಕೂರಿಸಿ, ಅವು ಕತ್ತರಿಯ ಸದ್ದಿಗೇ ಬಾಯಿ ತೆಗೆದಾಗ ಅವನು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದ. ಅನ್ನುತ್ತ ಅನ್ನುತ್ತ ಅರ್ಧ ಕಟಿಂಗ್ ಮುಗಿಯುವ ಹೊತ್ತಿಗೆ ಎಷ್ಟೋ ಮಕ್ಕಳು ಅಲ್ಲೇ ನಿದ್ದೆ ಹೋಗುತ್ತಿದ್ದವು. ಮೂವತ್ತು ವರ್ಷ ನಿದ್ದೆಯ ತಲೆಗಳನ್ನು ಎಡಗೈಯಲ್ಲಿ ಆತು ಹಿಡಿದು ಬಲಗೈಯಲ್ಲಿ ಕತ್ತರಿ ಆಡಿಸಿದವನು ಅವನು. ಅಂಥವನೇ ಮೋಸ ಹೋದ ಕತೆ ಇದು.

ಅಂಗಡಿ ಎಂದರೆ ಒಂದೇ ಕೋಣೆ. ಎರಡು ಕುರ್ಚಿ, ಒಂದು ತಿರುಗುತ್ತಿತ್ತು, ಇನ್ನೊಂದು ತಿರುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗೋಡೆಯುದ್ದಕ್ಕೂ ಕನ್ನಡಿ, ಅದರ ಕೆಳಗೆ ಪೌಡರು, ಸ್ನೋ, ಹಲ್ಲು ಮುರಿದ ಬಾಚಣಿಗೆಗಳು. ಮೂಲೆಯಲ್ಲಿ ಟಿವಿ. ಬಾಗಿಲ ಬಳಿ ಒಂದು ಬೆಂಚು, ಬೆಂಚಿನ ಮೇಲೆ ಟೈಲರ್. ಟೈಲರನ ಅಂಗಡಿ ಪಕ್ಕದ್ದೇ. ಆದರೂ ಕೊರಳಿಗೆ ಟೇಪು ಹಾಕಿಕೊಂಡು ಅವನು ತನ್ನ ಮಿಷನ್ನಿಗಿಂತ ಹೆಚ್ಚು ಹೊತ್ತು ಈ ಬೆಂಚಿನ ಮೇಲೇ ಕಳೆಯುತ್ತಿದ್ದ. ಇಬ್ಬರೂ ಚಡ್ಡಿ ದೋಸ್ತಿಗಳು. ಅವನ ಮದುವೆಯ ದಿನ ಗಡ್ಡ ಹೆರೆದವನು ಮೆಲ್ಲಣ್ಣ, ಇವನ ಮದುವೆಯ ಅಂಗಿ ಹೊಲಿದವನು ಟೈಲರ್. ಆ ಅಂಗಿ ಬಿಗಿಯಾಗಿತ್ತೋ ಮೆಲ್ಲಣ್ಣನ ಹೊಟ್ಟೆ ದೊಡ್ಡದಾಗಿತ್ತೋ ಎಂಬ ಜಗಳ ಇನ್ನೂ ಇತ್ಯರ್ಥವಾಗಿರಲಿಲ್ಲ.

ಸಮುದ್ರದಾಚೆಯ ದೇಶವೊಂದರಲ್ಲಿ ಅಲ್ಲಿಯ ಸರ್ಕಾರ ತನ್ನ ಜನರನ್ನೇ ಕೊಲ್ಲುತ್ತಿತ್ತು. ಅದು ಸುಳ್ಳಲ್ಲ. ಅವರನ್ನು ಉಳಿಸಲು ಇಲ್ಲಿಂದ ಸೈನ್ಯ ಹೊರಟಿತು. ಆದರೆ ಅದನ್ನು ಯುದ್ಧ ಎಂದು ಯಾರೂ ಕರೆಯುವಂತಿರಲಿಲ್ಲ. ‘ತಾಯ್ಮಡಿಲು ಕಾರ್ಯಾಚರಣೆ’ ಎಂದು ಹೆಸರಿಟ್ಟರು. ಟಿವಿಯವರು ಬಾಂಬು ಎನ್ನುವುದನ್ನು ಬಿಟ್ಟು ‘ನಿಖರ ಕ್ರಮ’ ಎನ್ನತೊಡಗಿದರು, ಸತ್ತವರು ‘ಅನಿವಾರ್ಯ ಹಾನಿ’ಯಾದರು. ಬೀದಿಯ ಜನಕ್ಕೆ ಈ ಮಾತುಗಳು ಬಾಯಿಪಾಠವಾದವು. ಒಂದು ದಿನ ಟೈಲರನ ಗಲ್ಲಕ್ಕೆ ಬ್ಲೇಡು ತಾಗಿ ರಕ್ತ ಜಿನುಗಿದಾಗ ಮೆಲ್ಲಣ್ಣ, “ಸುಮ್ನಿರು, ಇದು ಅನಿವಾರ್ಯ ಹಾನಿ” ಅಂದ. ಟೈಲರ್, “ನಿನ್ನ ನಿಖರ ಕ್ರಮಕ್ಕೆ ಬೆಂಕಿ ಹಾಕ” ಅಂದ. ಅಂಗಡಿಯಿಡೀ ನಕ್ಕಿತು. ನಗಲು ಏನಂತೆ? ಸಾಯುತ್ತಿದ್ದವರು ಕಂಡವರ ಮಕ್ಕಳು.

ಆ ಸೈನ್ಯದಲ್ಲಿ ಮೆಲ್ಲಣ್ಣನ ಒಬ್ಬನೇ ಮಗನೂ ಇದ್ದ. ಒಂದು ಸಂಜೆ ಟಿವಿಯಲ್ಲಿ ಅವನೇ ಬಂದ. ಹಿಂದೆ ಹೊಗೆ, ಒಡೆದ ಗೋಡೆಗಳು. ಮುಂದೆ ಮಗ ನಡೆದು ಬರುತ್ತಿದ್ದಾನೆ, ಅವನ ಭುಜದ ಮೇಲೆ ನಾಲ್ಕು ವರ್ಷದ ಹುಡುಗಿಯೊಂದು ತಲೆಯಿಟ್ಟು ಮಲಗಿದೆ. ಕೆಳಗೆ ‘ನಿಶ್ಚಿಂತೆಯ ನಿದ್ದೆ’ ಎಂಬ ಅಕ್ಷರ. ವಾರ ಕಳೆಯುವುದರೊಳಗೆ ಆ ಚಿತ್ರ ಕಾಣದ ಗೋಡೆಯಿರಲಿಲ್ಲ. ಮಂತ್ರಿಗಳು ಅದನ್ನು ಸಭೆಯಲ್ಲಿ ಎತ್ತಿ ಹಿಡಿದು, “ನಮ್ಮನ್ನು ಟೀಕಿಸುವವರು ಈ ಮಗುವನ್ನು ಕೇಳಲಿ” ಅಂದರು.

ಮೆಲ್ಲಣ್ಣನಿಗೆ ಕೋಡು ಮೂಡಿತು. ಚಿತ್ರವನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಕನ್ನಡಿಯ ಮೇಲುಗಡೆ ತೂಗುಹಾಕಿದ. ಗಡ್ಡಕ್ಕೆಂದು ತಲೆಯನ್ನು ಹಿಂದಕ್ಕೆ ವಾಲಿಸಿದವರಿಗೆಲ್ಲ ಮೊದಲು ಕಾಣುವುದು ಅದೇ. ನೊರೆ ಹಚ್ಚುತ್ತ ಅವನು ಹೇಳುತ್ತಿದ್ದ:

“ನಿದ್ದೆ ಹೋದ ತಲೆ ಹೇಗಿರುತ್ತೆ ಅಂತ ನನ್ನ ಕೇಳಿ ಸಾರ್. ನಂಬಿಕೆ ಇಲ್ಲದಿದ್ರೆ ಮಗು ಹಾಗೆ ತಲೆ ಬಿಡಲ್ಲ.”

ಹೆಂಡತಿ ಮಾತ್ರ ಒಮ್ಮೆ ಚಿತ್ರದ ಮುಂದೆ ನಿಂತು, “ನಮ್ಮವನು ಚಿಕ್ಕವನಿದ್ದಾಗ ನಿದ್ದೇಲೂ ನಿಮ್ಮ ಕಾಲರ್ ಬಿಡ್ತಿರ್ಲಿಲ್ಲ. ಇದರ ಕೈ ನೋಡಿ, ಸುಮ್ನೆ ಜೋತುಬಿದ್ದಿದೆ” ಅಂದಳು. “ದಣಿದಿರತ್ತೆ ಕಣೆ” ಎಂದು ಮೆಲ್ಲಣ್ಣ ಗಾಜು ಒರೆಸಿದ.

ಮಗ ರಜೆಯ ಮೇಲೆ ಬಂದಾಗ ಟೈಲರ್ ಬೀದಿಗೆ ಅಡ್ಡಲಾಗಿ ಬಾವುಟದ ತೋರಣ ಕಟ್ಟಿದ್ದ. ಮಗ ಅದರ ಕೆಳಗೆ ತಲೆ ತಗ್ಗಿಸಿಕೊಂಡು ನಡೆದು ಮನೆ ಸೇರಿದ. ಬಡಿಸಿದ್ದನ್ನು ಅರ್ಧ ಬಿಟ್ಟು ಏಳುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೂದಲು ತೆಗೆಸಿಕೊಳ್ಳಲು ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತ. ಕನ್ನಡಿ ನೋಡಿದ, ಅದರ ಮೇಲೆ ನೋಡಿದ. ನೆಲಕ್ಕೆ ಕಾಲೂರಿ ಗಿರ್ರೆಂದು ಕುರ್ಚಿಯನ್ನು ತಿರುಗಿಸಿ ಬಾಗಿಲ ಕಡೆ ಮುಖ ಮಾಡಿದ.

“ಹೀಗೇ ತೆಗಿಯಪ್ಪ.”

ಮೂವತ್ತು ವರ್ಷದಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂತ ಗಿರಾಕಿಯನ್ನು ಮೆಲ್ಲಣ್ಣ ಕಂಡಿರಲಿಲ್ಲ. ಕುರುಡರೂ ಕನ್ನಡಿಯ ಕಡೆಗೇ ಮುಖ ಮಾಡಿ ಕೂರುತ್ತಾರೆ.

“ಯಾಕೋ ಮಗಾ?”

“ಆ ಫೋಟೋ ತೆಗಿ. ಅದು ನಿದ್ದೆ ಮಾಡ್ತಿಲ್ಲ.”

ಮೆಲ್ಲಣ್ಣ ಹೋಗಿ ಶಟರ್ ಅರ್ಧ ಇಳಿಸಿ ಬಂದ. ಮಗ ಅಪ್ಪನ ಮುಖ ನೋಡದೆ ಹೇಳಿದ. ಶಸ್ತ್ರಾಸ್ತ್ರ ಇಟ್ಟಿದ್ದಾರೆಂದು ನಮ್ಮ ವಿಮಾನವೇ ಆ ಬೀದಿಯ ಮೇಲೆ ಬಾಂಬು ಹಾಕಿತ್ತಂತೆ. ಅಲ್ಲಿ ಇದ್ದದ್ದು ಬರೀ ಮನೆಗಳು. ಇವರ ತುಕಡಿ ಹೋಗಿ ಇಟ್ಟಿಗೆ ಸರಿಸಿದಾಗ ಈ ಹುಡುಗಿ ಉಸಿರಾಡುತ್ತಿತ್ತು. ಡಾಕ್ಟರ ಗಾಡಿ ಬೀದಿಯ ಕೊನೆಯಲ್ಲೇ ನಿಂತಿತ್ತು. ಇವನು ಎತ್ತಿಕೊಂಡು ಆ ಕಡೆ ಓಡಿದ. ಜೊತೆಯಲ್ಲಿ ಬಂದಿದ್ದ ಟಿವಿಯ ಕ್ಯಾಮರಾದವನು ತಡೆದು, ಓಡಿದರೆ ಚಿತ್ರ ಅಲ್ಲಾಡುತ್ತದೆ, ಹಿಂದೆ ಹೋಗಿ ನಿಧಾನಕ್ಕೆ ನಡೆದು ಬಾ ಅಂದ. ಆಫೀಸರೂ ತಲೆಯಾಡಿಸಿ, ಎರಡು ನಿಮಿಷ ಅಷ್ಟೇ ಅಂದರು.

“ಮೊದಲನೇ ಸಲ ನಡೆದಾಗ ಅವಳು ನನ್ನ ಕಾಲರ್ ಹಿಡ್ಕೊಂಡಿದ್ಲಪ್ಪ. ಬೆಳಕು ಸರಿ ಇಲ್ಲ ಅಂದ್ರು. ಎರಡನೇ ಸಲ ನಡೀವಾಗ ತಲೆ ಭಾರ ಆಯ್ತು. ನಂಗೆ ಗೊತ್ತಾಯ್ತು. ಮೂರನೇ ಸಲ ನಡಿ ಅಂದ್ರು, ನಡೆದೆ. ನೀನು ತೂಗುಹಾಕಿರೋದು ಮೂರನೇ ಸಲದ್ದು.”

ಮೆಲ್ಲಣ್ಣನ ಎಡಗೈ ಮಗನ ತಲೆಯ ಮೇಲೇ ಇತ್ತು. ನಿದ್ದೆಯ ತಲೆ ಕೈಗೆ ಒರಗುತ್ತದೆ, ಜಾರಿದರೂ ಮತ್ತೆ ತಾನೇ ಜಾಗಕ್ಕೆ ಬರುತ್ತದೆ. ಅದು ಆ ಕೈಗೆ ಗೊತ್ತಿತ್ತು. ಹೆಂಡತಿ ಬೆರಳಿಟ್ಟು ತೋರಿಸಿದ್ದಳು. ಆದರೂ ಅವನು ತನ್ನ ಕೈಯನ್ನೂ ಹೆಂಡತಿಯ ಕಣ್ಣನ್ನೂ ಬಿಟ್ಟು ಟಿವಿಯ ಅಕ್ಷರವನ್ನು ನಂಬಿದ್ದ, ನಂಬಿ ಊರಿಗೆಲ್ಲ ಸಾಕ್ಷಿ ಹೇಳಿದ್ದ. ಸ್ಟೂಲು ಹತ್ತಿ ಚಿತ್ರ ಇಳಿಸಿ, ಅದನ್ನು ಟವಲಿನಲ್ಲಿ ಸುತ್ತಿದ. ಆಮೇಲೆ ಕೂತು ಅತ್ತ.

ಚಿತ್ರ ಇಳಿದದ್ದಕ್ಕೆ ಗಿರಾಕಿಗಳಿಗೆ ಗಾಜು ಒಡೆಯಿತೆಂದು ಹೇಳಿದ. ಆದರೆ ಟಿವಿಯವರು ಸುಮ್ಮನಿರಬೇಕಲ್ಲ. ಸರ್ಕಾರ ಈಗ ಇನ್ನೊಂದು ದೇಶವನ್ನು ಉದ್ಧಾರ ಮಾಡಲು ಹೊರಟಿತ್ತು, ಅದಕ್ಕೆ ಜನರ ಮನಸ್ಸು ಕರಗಬೇಕಿತ್ತು. ‘ಕರುಣೆಯ ತಂದೆ’ ಎಂಬ ಕಾರ್ಯಕ್ರಮ ಮಾಡುತ್ತೇವೆ, ನಿಮ್ಮ ಅಂಗಡಿಗೇ ಬರುತ್ತೇವೆ ಎಂದು ಫೋನು ಬಂತು. ಮೆಲ್ಲಣ್ಣ ಒಪ್ಪಿಕೊಂಡ.

“ಬೇಡಪ್ಪ. ಅವರು ನಿನ್ನನ್ನೂ ನಡೆಸ್ತಾರೆ” ಅಂದ ಮಗ.

“ನಾನೇನು ಸಿಪಾಯಿನಾ? ನಂಗೆ ಯಾವ ಆಫೀಸರ್ ಇದಾನೆ? ನಡೆದದ್ದು ನಡೆದ ಹಾಗೆ ಹೇಳ್ತೀನಿ. ನಿಂಗೆ ಬೈತಾರಾ, ಬೈಲಿ. ಇನ್ನೊಬ್ಬರ ಮಗ ಅಲ್ಲಿ ಹೋಗಿ ಹೀಗಾಗೋದು ಬೇಡ.”

ಮಗ ಒಂದು ಗಳಿಗೆ ಅಪ್ಪನನ್ನೇ ನೋಡಿದ. ಬಂದಾಗಿನಿಂದ ಅವನು ಯಾರ ಮುಖವನ್ನೂ ಹಾಗೆ ನೋಡಿರಲಿಲ್ಲ. “ಹೇಳ್ತೀಯಾ? ನಿಜವಾಗ್ಲೂ?” ಅಂದ. ಮೆಲ್ಲಣ್ಣ ಅವನ ತಲೆ ಮುಟ್ಟಿ ಆಣೆ ಮಾಡಿದ. ಮಗನ ಕಣ್ಣಲ್ಲಿ ಆ ನಂಬಿಕೆ ಉಳಿಯಬೇಕು. ಪ್ರಪಂಚದಲ್ಲಿ ಮೆಲ್ಲಣ್ಣನಿಗೆ ಆಗ ಬೇಕಾಗಿದ್ದುದು ಅದೊಂದೇ.

ಟಿವಿಯವರು ಬರುವಾಗ ತಮ್ಮದೇ ಚಿತ್ರ ತಂದಿದ್ದರು, ಮೊದಲಿನದಕ್ಕಿಂತ ದೊಡ್ಡದು. ಕೇಳದೆ ಮಾಡದೆ ಕನ್ನಡಿಯ ಮೇಲೆ ಮೊಳೆ ಹೊಡೆದರು. ಜನರನ್ನೆಲ್ಲ ಹೊರಗೆ ನಿಲ್ಲಿಸಿದರು. ಬೆಂಚಿನ ಮೇಲೆ ಒಬ್ಬ ಗಿರಾಕಿ ಇದ್ದರೆ ಚೆನ್ನಾಗಿ ಕಾಣುತ್ತದೆಂದು ಟೈಲರನನ್ನು ಮಾತ್ರ ಉಳಿಸಿಕೊಂಡರು. ನಿರೂಪಕ ಸಹಜವಾಗಿ ಬರಲಿ ಎಂದು ಕುರ್ಚಿಯಲ್ಲಿ ಕೂತು, “ಯಜಮಾನ್ರೇ, ನಂಗೆ ಶೇವಿಂಗ್ ಮಾಡ್ತಾ ಮಾಡ್ತಾ ಮಗನ ಬಗ್ಗೆ ಹೇಳಿ” ಅಂದ.

ಇದಕ್ಕಿಂತ ಏನು ಬೇಕು? ಮೆಲ್ಲಣ್ಣ ಅವನ ಮೂಗಿನವರೆಗೆ ನೊರೆ ಹಚ್ಚಿದ, ಕುತ್ತಿಗೆಗೆ ಕತ್ತಿ ಇಟ್ಟ. ಅಂಥ ಸ್ಥಿತಿಯಲ್ಲಿ ಯಾವ ನಿರೂಪಕನೂ ಅಡ್ಡ ಪ್ರಶ್ನೆ ಕೇಳುವುದಿಲ್ಲ. ವಿಮಾನ, ಇಟ್ಟಿಗೆ, ಡಾಕ್ಟರ ಗಾಡಿ, ಮೂರು ಸಲದ ನಡಿಗೆ, ಒಂದೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. “ಮಗು ಚಿವುಟಿದ್ದು ನಾವು ಸಾರ್. ಈಗ ತೊಟ್ಟಿಲು ತೂಗ್ತಿರೋದೂ ನಾವೇ” ಎಂದು ಮುಗಿಸಿದ. ಬೆಂಚಿನ ಮೇಲೆ ಟೈಲರ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಅವನ ಕಣ್ಣೂ ಒದ್ದೆ.

ನಿರೂಪಕ ಟವಲಿನಿಂದ ಮುಖ ಒರೆಸಿಕೊಂಡ. “ತುಂಬಾ ಭಾವುಕವಾಗಿ ಬಂತು ಯಜಮಾನ್ರೇ” ಎಂದು ಕೈ ಕುಲುಕಿದ. ಆ ಮಾತು ಕೇಳಿದಾಗಲೇ ಮೆಲ್ಲಣ್ಣನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮನೆಗೆ ಓಡಿ, “ಎಲ್ಲ ಹೇಳ್ದೆ ಕಣೋ, ಒಂದಕ್ಷರ ಬಿಡಲಿಲ್ಲ. ನಾಳಿದ್ದು ಸಂಜೆ ಬರತ್ತೆ, ಅಂಗಡಿಗೆ ಬಾ, ಜೊತೇಲಿ ನೋಡೋಣ” ಅಂದ. ಆ ದಿನ ಮಗ ಬಡಿಸಿದ್ದನ್ನೆಲ್ಲ ಉಂಡ.

ಆ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗ ಬಾಗಿಲಲ್ಲಿ ನಿಂತ. ಟಿವಿಯಲ್ಲಿ ಮೊದಲು ಮೆಲ್ಲಣ್ಣನ ಕೈ, ಕತ್ತಿ, ನೊರೆ. ಆಮೇಲೆ ಅವನ ಒದ್ದೆ ಕಣ್ಣು, ಹಿಂದೆ ಪಿಟೀಲು. “ನನ್ನ ಮಗ ಆ ಮಗೂನ ಎತ್ಕೊಂಡು ಓಡ್ದ ಸಾರ್” ಎಂಬ ಮಾತು, ಆ ಮಾತಿಗೆ ಗಾಳಿಯಲ್ಲೇ ನಿಂತ ಕತ್ತಿ. ಅಲ್ಲಿಂದ ಚಿತ್ರಕ್ಕೆ ಹೋಯಿತು, ಚಿತ್ರದಿಂದ ಮತ್ತೆ ಕಣ್ಣಿಗೆ ಬಂತು. “ತೊಟ್ಟಿಲು ತೂಗ್ತಿರೋದೂ ನಾವೇ.” ಕೆಳಗೆ, ‘ಹೆಮ್ಮೆಗೆ ತುಂಬಿಬಂದ ಕಣ್ಣು’. ಮುಗಿಯಿತು. ಮಂತ್ರಿಗಳು ಟಿವಿಯಲ್ಲೇ ಬಂದು, ಈ ಕಣ್ಣೀರಿಗೆ ಬೆಲೆ ಕೊಟ್ಟು ಮುಂದಿನ ವಾರವೇ ಹೊಸ ತುಕಡಿ ಹೊರಡಲಿದೆ ಅಂದರು. ಅಂಗಡಿಯ ತುಂಬ ಚಪ್ಪಾಳೆ.

“ಇದಲ್ಲ!” ಮೆಲ್ಲಣ್ಣ ಕೂಗಿದ. “ನಾನು ಹೇಳಿದ್ದು ಇದಲ್ಲ! ಮುಂದಿಂದು ಹಿಂದಿಂದು ಎಲ್ಲ ಕತ್ತರಿಸಿದಾರೆ ಕಳ್ಳ ನನ್ಮಕ್ಕಳು!” ಬಾಗಿಲಲ್ಲಿದ್ದ ಮಗನ ಕಡೆ ತಿರುಗಿದ. “ಟೈಲರ್ ಇಲ್ಲೇ ಕೂತಿದ್ದ ಕಣೋ. ಅವನನ್ನ ಕೇಳು. ಲೋ, ಹೇಳೋ, ನಾನು ಏನಂದೆ ಅಂತ ಹೇಳೋ!”

ಎಲ್ಲರೂ ಟೈಲರನ ಕಡೆ ನೋಡಿದರು. ಹೊಸ ತುಕಡಿಯ ಬೀಳ್ಕೊಡುಗೆಗೆ ಬಾವುಟ ಹೊಲಿಯುವ ಕೆಲಸ ಆ ಬೆಳಿಗ್ಗೆಯೇ ಅವನಿಗೆ ಸಿಕ್ಕಿತ್ತು. ಬಟ್ಟೆಯ ಉರುಳೆಗಳು ಪಕ್ಕದ ಅಂಗಡಿಯಲ್ಲಿ ಬಂದು ಬಿದ್ದಿದ್ದವು. ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ನಾನು ಕೇಳಿಸ್ಕೊಂಡಿದ್ದೂ ಅಷ್ಟೇ ಕಣಪ್ಪ” ಅಂದ, ನೆಲ ನೋಡಿಕೊಂಡು. “ನಿಮ್ಮಪ್ಪ ಸಂತೋಷಕ್ಕೆ ಅತ್ತ. ಟಿವೀಲಿ ಬಂತಲ್ಲ.”

ನಂಬಿಸಿ ಕುತ್ತಿಗೆ ಕೊಯ್ದರು ಎನ್ನುತ್ತಾರೆ. ಮೂವತ್ತು ವರ್ಷ ಆ ಕುತ್ತಿಗೆಯ ಮೇಲೆ ಕತ್ತಿ ಆಡಿಸಿದವನು ಮೆಲ್ಲಣ್ಣ, ಗಲ್ಲಕ್ಕೊಮ್ಮೆ ಬ್ಲೇಡು ತಾಗಿದ್ದು ಬಿಟ್ಟರೆ ಒಂದು ಗೆರೆ ಬೀಳಿಸಿರಲಿಲ್ಲ. ಟೈಲರನಿಗೆ ಕತ್ತಿಯೂ ಬೇಕಾಗಲಿಲ್ಲ. ಜನ ಒಬ್ಬೊಬ್ಬರಾಗಿ ಮೆಲ್ಲಣ್ಣನ ಬೆನ್ನು ತಟ್ಟಿ, ವಯಸ್ಸಾದವರಿಗೆ ಹೀಗಾಗುತ್ತದೆ, ಸಂತೋಷ ತಡೆಯಲಾಗುವುದಿಲ್ಲ ಎನ್ನುತ್ತ ಹೊರಟರು. ಟೈಲರ್ ಎಲ್ಲರಿಗಿಂತ ಮೊದಲೇ ಹೋಗಿದ್ದ.

ಮಗ ಒಳಗೆ ಬಂದು ಟಿವಿ ಆರಿಸಿದ. ತಿರುಗುವ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಅಪ್ಪನನ್ನು ಕೂರಿಸಿದ, ತಾನು ಬೆಂಚಿನ ಮೇಲೆ ಕೂತ.

“ನಾನು ಹೇಳಿದ್ದೆ ಕಣೋ” ಅಂದ ಮೆಲ್ಲಣ್ಣ. “ನಿನ್ನಾಣೆಗೂ ಹೇಳಿದ್ದೆ.”

“ಗೊತ್ತಪ್ಪ. ಓಡ್ದ ಅಂದ್ಯಲ್ಲ, ಆಗ ನಿನ್ನ ಕತ್ತಿ ನಿಂತುಹೋಗಿತ್ತು. ಸಂತೋಷಕ್ಕೆ ನಿನ್ನ ಕತ್ತಿ ನಿಲ್ಲಲ್ಲ.”

ಮೆಲ್ಲಣ್ಣನಿಗೆ ಹೋದ ಜೀವ ಬಂದಂತಾಯಿತು. ಆದರೆ ಸಿಟ್ಟು ಇಳಿಯಲಿಲ್ಲ. “ಅವನು ಇನ್ನು ಈ ಹೊಸ್ತಿಲು ತುಳೀಲಿ, ನೋಡ್ಕೊತೀನಿ. ಕಿವಿಯಾರೆ ಕೇಳಿ, ಕಣ್ಣೀರು ಹಾಕಿ, ನನ್ನೆದುರಿಗೇ ಇಲ್ಲ ಅಂದ್ನಲ್ಲ. ಮನುಷ್ಯನಾ ಅವನು?”

“ಟೈಲರ್ ಮಾಮನ್ನ ಬೈಬೇಡ.”

“ಯಾಕೆ ಬೈಬಾರದು?”

ಮಗ ತನ್ನ ಅಂಗೈ ನೋಡಿಕೊಂಡ. “ಆ ಹುಡುಗಿಗೆ ಒಬ್ಬಳು ಅಜ್ಜಿ ಇದ್ಲು. ನಿಂಗೆ ಹೇಳಿರ್ಲಿಲ್ಲ. ಮಾರನೇ ದಿನ ಹುಡುಕ್ಕೊಂಡು ಕ್ಯಾಂಪಿಗೆ ಬಂದ್ಲು. ದುಭಾಷಿ ಕೈಲಿ ಕೇಳಿಸಿದ್ಲು: ನೀನು ಎತ್ಕೊಂಡಾಗ ಮಗೂಗೆ ಜೀವ ಇತ್ತಾ ಅಂತ. ಆಫೀಸರ್ ಪಕ್ಕದಲ್ಲೇ ನಿಂತಿದ್ರು. ಇಲ್ಲಮ್ಮ, ಮೊದಲೇ ಹೋಗಿತ್ತು ಅಂದೆ.”

ಮೆಲ್ಲಣ್ಣ ಕುರ್ಚಿಯ ಕೈಗಳನ್ನು ಹಿಡಿದುಕೊಂಡ. “ನಂಬಿದ್ಲಾ?” ಅಂದ.

“ನಂಬಿದ್ಲಪ್ಪ. ನನ್ನ ಎರಡೂ ಕೈ ಹಿಡ್ಕೊಂಡ್ಲು. ಅಷ್ಟು ದೂರ ಹೊತ್ತು ತಂದ್ಯಲ್ಲ, ನಿನ್ನ ಹೆತ್ತವರ ಹೊಟ್ಟೆ ತಣ್ಣಗಿರಲಿ ಅಂದ್ಲು.”