ಮೈಕು ಹಿಡಿದ ಮಿಲ್ಲಿನಕ್ಕ

ಸಖರಾಯಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ಅಕ್ಕ ಒಂದು ಪಕ್ಷದ ಕಟ್ಟಾ ಕಾರ್ಯಕರ್ತೆ. ಚುನಾವಣೆ ಬಂದರೆ ಹುಬ್ಬಿಗೆ ಮೆತ್ತಿದ ರಾಗಿಹಿಟ್ಟನ್ನೂ ಒರೆಸದೆ ಪ್ರಣಾಳಿಕೆ ಹಿಡಿದು ಮನೆಮನೆಗೆ ಹೊರಡುತ್ತಿದ್ದರು. ತಮಗೆ ಹಿಡಿಸದ ಭರವಸೆಯ ಮೇಲೆ ಹೆಬ್ಬೆರಳು ಒತ್ತಿ, "ಇದು ನಂಗೆ ಒಪ್ಗೆ ಇಲ್ಲ ಕಣ್ರೀ, ಮಿಕ್ಕಿದ್ದಕ್ಕೆ ಓಟಾಕಿ" ಎನ್ನುತ್ತಿದ್ದರು. ಮತ್ತೆ ಆ ಪಕ್ಷದಲ್ಲಿ ಯಾಕಿದ್ದೀರಿ ಎಂದು ಕೇಳಿದರೆ, "ಜಗಳ ಆಡೋದು ಮನೆಯೋರ ಹತ್ರ ತಾನೇ?" ಎಂದು ನಗುತ್ತಿದ್ದರು.

ಒಂದು ಸಲ ಸಣ್ಣ ಶಾಲೆಗಳನ್ನೆಲ್ಲ ಮುಚ್ಚಿ, ಮಕ್ಕಳನ್ನು ಒಂದೇ ದೊಡ್ಡ ಶಾಲೆಗೆ ಸೇರಿಸುವ ಭರವಸೆ ಪ್ರಣಾಳಿಕೆಯಲ್ಲಿತ್ತು. ಬಸ್ ಸ್ಟ್ಯಾಂಡಿನ ಬಳಿ ನಡೆದ ಸಭೆಯಲ್ಲಿ ಮುಖಂಡರು ಭರವಸೆಗಳನ್ನು ಓದಲು ಅಕ್ಕನಿಗೇ ಮೈಕು ಕೊಟ್ಟರು. ತಾಲ್ಲೂಕು ಪಂಚಾಯಿತಿ ಟಿಕೆಟ್ಟಿನ ಮೇಲೆ ಅಕ್ಕನಿಗೆ ಆಸೆಯಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಮೂರನ್ನು ಓದಿದವರು ನಾಲ್ಕನೆಯದಾದ ಶಾಲೆಯ ಭರವಸೆಗೆ ಬಂದು ನಿಂತರು.

"ಇದನ್ನ ನಾನು ಓದಲ್ಲ ಸಾ. ಆರು ವರ್ಷದ ಕೂಸು ಹೈವೇ ದಾಟಿ ಎರಡು ಮೈಲಿ ನಡೀತದಾ? ನೀವೇ ಒಂದ್ಸಲ ನಡ್ದು ನೋಡಿ."

ಮುಖಂಡರು ಮೈಕಿಗೆ ಕೈ ಚಾಚಿದರು. ಅಕ್ಕ ಕೊಡದೆ ಐದನೆಯದನ್ನು ಓದತೊಡಗಿದರು. ಜನ ಶಿಳ್ಳೆ ಹೊಡೆದರು.

ಟಿಕೆಟ್ಟು ಬೇರೊಬ್ಬ ಹುಡುಗಿಗೆ ಹೋಯಿತು. ಅಕ್ಕ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಆ ಹುಡುಗಿಯೇ ಮಿಲ್ಲಿಗೆ ಬಂದಳು.

"ಅಕ್ಕಾ, ಜನ ನಿಮ್ಮ ಮಾತು ನಂಬ್ತಾರೆ. ನನ್ನ ಜೊತೆ ಪ್ರಚಾರಕ್ಕೆ ಬನ್ನಿ. ಶಾಲೆ ವಿಷ್ಯ ಬಿಟ್ಟು ಮಾತಾಡೋಣ."

"ಬಿಟ್ಟು ಯಾಕೆ? ಅದನ್ನೇ ಮೊದ್ಲು ಹೇಳ್ತೀನಿ. ಆಗ್ಬೋದಾ?"

ಹುಡುಗಿ ಒಂದು ಗಳಿಗೆ ಯೋಚಿಸಿ ಆಗಲಿ ಎಂದು ತಲೆಯಾಡಿಸಿದಳು. ಅಕ್ಕ ಮೋಟರು ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಅವಳಿಗಿಂತ ಮುಂದಾಗಿ ಹೊರಟರು.